ಐದನೆಯವನ ಸಾಕ್ಷಿ

ಎನ್‌ಶಾಕೇದ್ ಊರಿನ ಕುಂಬಾರ ಇತ್ರಾನನಿಗೆ ಯಾವುದನ್ನೂ ಕೇಳದೆ ಬಿಟ್ಟು ಅಭ್ಯಾಸವಿರಲಿಲ್ಲ. ಬಾವಿಯ ಹತ್ತಿರ ಹೊಸ ಕತ್ತೆಯೊಂದು ಕಂಡರೆ ಅದು ಯಾರದು, ಎಲ್ಲಿಂದ ತಂದದ್ದು, ಎಷ್ಟು ಹಲ್ಲು ಬಂದಿವೆ, ಇಷ್ಟನ್ನೂ ತಿಳಿದುಕೊಂಡ ಮೇಲೆಯೇ ಅವನು ಕೊಡ ಎತ್ತುತ್ತಿದ್ದ. "ಇವನ ಮೂಗು ಇವನಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತೆ" ಎಂದು ಹೆಂಡತಿ ಅತಾರಾ ಬಂದವರ ಎದುರಿಗೇ ಆಡಿಕೊಳ್ಳುತ್ತಿದ್ದಳು. ಊರಿನವರು ಅವನ ಹತ್ತಿರ ಮಡಕೆ ಕೊಳ್ಳುವಾಗ ಬೇಗ ಬೇಗ ಆರಿಸಿ ಹೊರಟುಬಿಡುತ್ತಿದ್ದರು. ನಿಧಾನ ಮಾಡಿದರೆ ಮನೆಯ ಗುಟ್ಟೆಲ್ಲ ಮಡಕೆಗೆ ಬದಲಾಗಿ ಅಲ್ಲೇ ಉಳಿಯುತ್ತಿತ್ತು.

ದ್ರಾಕ್ಷಿ ಕೊಯ್ಲು ಮುಗಿದು, ಆಲಿವ್ ಕಾಯಿ ಇನ್ನೂ ಕಪ್ಪಾಗದ ದಿನಗಳು. ಕಮರಿಯ ಮೇಲಿನ ಬಯಲಲ್ಲಿ ಒಂದು ಹೆಣ ಬಿದ್ದಿದೆ ಎಂದು ಬೆಳಿಗ್ಗೆ ಮುಳ್ಳುಸೌದೆ ತರಲು ಹೋದ ಹೆಂಗಸರು ಓಡಿಬಂದು ಹೇಳಿದರು. ಹಿರಿಯರು ಅಳೆಯುವ ಹಗ್ಗ ಹಿಡಿದು ಹೊರಟರು. ಯಾರೂ ಕರೆಯದಿದ್ದರೂ ಇತ್ರಾನ ಹಿಂದೆಯೇ ಹೊರಟ. ಎರಡು ದಿನ ಹಗಲೂ ಇರುಳೂ ಮಡಕೆ ಸುಡುವ ಆವಿಗೆಯ ಮುಂದೆ ಕೂತು ಅವನ ಹುಬ್ಬು ಸುಟ್ಟಿತ್ತು, ಕಣ್ಣು ಕೆಂಪಗಾಗಿತ್ತು. ಹಿಂದಿನ ದಿನ ಊರಿನ ಮುಖ್ಯಸ್ಥ ಶೂಹಾಮನ ಮನೆಯಲ್ಲಿ ಮೊಮ್ಮಗನಿಗೆ ಎದೆಹಾಲು ಬಿಡಿಸಿದ ಔತಣ. ಊರಿಗೆ ಊರೇ ಉಂಡಿತ್ತು. ಊರೊಳಗಿನವರಲ್ಲಿ ಇವನೊಬ್ಬ ಮಾತ್ರ ಬೆಂಕಿ ಬಿಟ್ಟು ಹೋಗಲಾಗದೆ ಊಟ ತಪ್ಪಿಸಿಕೊಂಡಿದ್ದ. ಆ ಸಂಕಟವೂ ಇತ್ತು.

ಬಯಲಿನ ಆ ಕಡೆಯಿಂದ ಗಿಬತ್‌ಓರೇಬ್ ಊರಿನ ಹಿರಿಯರೂ ಬಂದು ನಿಂತಿದ್ದರು. ನಿಯಮ ಎರಡೂ ಊರಿಗೆ ಗೊತ್ತಿದ್ದದ್ದೇ. ಬಯಲಲ್ಲಿ ಕೊಲೆಯಾಗಿ ಬಿದ್ದವನು ಸಿಕ್ಕಿ, ಕೊಂದವನು ಯಾರೆಂದು ತಿಳಿಯದೆ ಹೋದರೆ, ಹೆಣದಿಂದ ಎರಡೂ ಕಡೆಗೆ ಅಳೆಯಬೇಕು. ಯಾವ ಊರು ಹತ್ತಿರವೋ ಆ ಊರಿನ ಐವರು ಹಿರಿಯರು ನೊಗ ಹೊರದ ಕಡಸನ್ನು ನೇಗಿಲು ಕಾಣದ ಕಣಿವೆಗೆ, ಹರಿಯುವ ನೀರಿಗೆ ಒಯ್ದು, ಅಲ್ಲಿ ಅದರ ಕತ್ತು ಮುರಿಯಬೇಕು. ಅದರ ಮೇಲೆ ಕೈ ತೊಳೆದುಕೊಂಡು, ಈ ರಕ್ತಕ್ಕೆ ನಮ್ಮ ಕೈ ಕಾರಣವಲ್ಲ, ನಮ್ಮ ಕಣ್ಣು ಕಂಡದ್ದೂ ಇಲ್ಲ ಎಂದು ಇಡೀ ಊರಿನ ಪರವಾಗಿ ಯಾಜಕರ ಎದುರು ಹೇಳಬೇಕು. ಹೇಳದಿದ್ದರೆ ನೆಲಕ್ಕೆ ಬಿದ್ದ ರಕ್ತ ಆ ಊರಿನ ತಲೆಯ ಮೇಲೆ ಉಳಿಯುತ್ತದೆ.

ಅಳೆಯುವುದಕ್ಕೆ ಮೊದಲೇ ಜಗಳ ಶುರುವಾಯಿತು. ಹೆಣದ ತಲೆ ಗಿಬತ್‌ಓರೇಬಿನ ಕಡೆಗಿತ್ತು.

"ಹೊಕ್ಕುಳಿಂದ ಅಳೀಬೇಕು. ಮನುಷ್ಯ ಶುರುವಾಗೋದೇ ಅಲ್ಲಿಂದ" ಎಂದ ಆ ಊರಿನ ಮುದುಕ.

"ಶುರುವಾದ ಜಾಗ ಕಟ್ಕೊಂಡು ಏನಜ್ಜ ಮಾಡ್ತೀರಿ? ಉಸಿರು ಹೋಗಿದ್ದು ಮೂಗಿಂದ. ಮೂಗಿಂದಲೇ ಅಳೀರಿ" ಎಂದರು ಎನ್‌ಶಾಕೇದಿನವರು.

"ನಿಮಗೆ ಒಂದೂವರೆ ಮೊಳ ಉಳಿಯುತ್ತೆ ಅಂತ ಮೂಗಾ?"

"ನಿಮಗೆ ಉಳಿಯುತ್ತೆ ಅಂತ ಹೊಕ್ಕುಳಾ?"

ಇತ್ರಾನನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. "ಅಲ್ಲಾ, ತಲೆ ಆ ಕಡೆ ಇದೆ ಅಂದ್ರೆ, ಇವನು ನಮ್ಮೂರಿಂದ ಆ ಕಡೆಗೆ ಹೋಗ್ತಿದ್ದ ಅಂತಲ್ವಾ?" ಎಂದು ಕೇಳಿಯೇಬಿಟ್ಟ.

ಐದೂ ಊರುಗೋಲುಗಳು ಒಟ್ಟಿಗೆ ಇವನತ್ತ ತಿರುಗಿದವು ಎನ್ನಬೇಕು, ಆದರೆ ಐದಿರಲಿಲ್ಲ, ನಾಲ್ಕೇ ಇದ್ದವು. ಐದನೆಯ ಹಿರಿಯ ತಾಹನಜ್ಜ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಅವನ ಜಾಗ ಇನ್ನೂ ಖಾಲಿ.

"ನಿನ್ನ ಯಾರು ಕರೆದ್ರೋ?" ಎಂದ ಒಬ್ಬ ಹಿರಿಯ.

ಯಾವಾಗಲೂ ಎಲ್ಲರಿಗಿಂತ ಹೆಚ್ಚು ಮಾತಾಡುವ ಶೂಹಾಮ ಅವತ್ತು ಬಗ್ಗಿ, ಹಗ್ಗದ ತುದಿಯನ್ನು ಹೆಣದ ಮೂಗಿನ ಬಳಿ ಹಿಡಿದು, "ಅಳೀರಿ" ಎಂದಷ್ಟೇ ಅಂದ. ಕಲ್ಲೇಟಿಗೆ ಊದಿಕೊಂಡ ಆ ಮುಖದಲ್ಲಿ ಗುರುತು ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ.

ಐವತ್ತು ಮೊಳದ ಹಗ್ಗ ಹಾಸಿ ಹಾಸಿ ಎತ್ತಿದರು. ಮೂಗೂ ಹೊಕ್ಕುಳೂ ಕೊನೆಗೆ ಲೆಕ್ಕಕ್ಕೇ ಬರಲಿಲ್ಲ. ಎನ್‌ಶಾಕೇದ್ ಎರಡು ಹಗ್ಗದಷ್ಟು ಹತ್ತಿರವಿತ್ತು. ಗಿಬತ್‌ಓರೇಬಿನವರು ನಿಟ್ಟುಸಿರುಬಿಟ್ಟು, ಸತ್ತವನಿಗಾಗಿ ಎರಡು ಮಾತು ಮರುಗಿ, ಬಂದದ್ದಕ್ಕಿಂತ ಜೋರಾಗಿ ನಡೆದು ಹೋದರು. ಹೆಣವನ್ನು ಅಲ್ಲಿಯೇ ಮಣ್ಣು ಮಾಡಿದರು. ಅವನ ಬಳಿ ಸಿಕ್ಕಿದ್ದನ್ನೆಲ್ಲ ಅವನದೇ ಕಂಬಳಿಯಲ್ಲಿ ಗಂಟು ಕಟ್ಟಿ, ಹುಡುಕಿಕೊಂಡು ಯಾರಾದರೂ ಬಂದರೆ ಸಿಗಲಿ ಎಂದು ಊರ ಹೆಬ್ಬಾಗಿಲಿನ ಗೂಟಕ್ಕೆ ತೂಗುಹಾಕಿದರು.

ಅವತ್ತೇ ಇಳಿಹೊತ್ತಿನಲ್ಲಿ ಊರು ಹೆಬ್ಬಾಗಿಲಲ್ಲಿ ಸೇರಿತು. ಲೇವಿ ಕುಲದ ಯಾಜಕರಿಗೆ ಹೇಳಿಕಳಿಸಿಯಾಗಿತ್ತು, ಮೂರನೆಯ ದಿನ ಬರುತ್ತಾರೆ. ಅಷ್ಟರೊಳಗೆ ಐದನೆಯವನನ್ನು ಆರಿಸಬೇಕು. ತಾಹನಜ್ಜನ ಜಾಗಕ್ಕೆ ಬೇಸಿಗೆಯುದ್ದಕ್ಕೂ ಆಸೆಪಟ್ಟವರು ಈಗ ಒಬ್ಬೊಬ್ಬರಾಗಿ ಗೋಡೆಯ ನೆರಳಿಗೆ ಸರಿದರು. ಹಿರಿಯನಾದ ಮೊದಲ ದಿನವೇ ಗುರುತಿಲ್ಲದ ರಕ್ತದ ಮುಂದೆ ನಿಂತು ಆಣೆ ಮಾಡುವುದು ಯಾರಿಗೆ ಬೇಕು?

ಯಾರೋ ದೊಡ್ಡ ದ್ರಾಕ್ಷಿತೋಟದ ಅಹ್ಬಾನನ ಹೆಸರು ಎತ್ತಿದರು.

"ಅಹ್ಬಾನಣ್ಣನಿಗೆ ತನ್ನ ಕೈಬೆರಳೇ ಕಾಣಲ್ಲ" ಎಂದು ನಕ್ಕ ಇನ್ನೊಬ್ಬ. "ಕಣ್ಣೇ ಇಲ್ದೋನು ಎದ್ದು ನಿಂತು 'ನಾನು ನೋಡ್ಲಿಲ್ಲ' ಅಂದ್ರೆ ಗಿಬತ್‌ಓರೇಬಿನವರು ಹೊಟ್ಟೆ ಹಿಡ್ಕೊಂಡು ನಗ್ತಾರೆ."

ಅಹ್ಬಾನನಿಗೂ ನಗು ಬಂತು. "ಸದ್ಯ, ಈ ಕಣ್ಣಿಂದ ಒಂದು ಉಪಕಾರ ಆಯ್ತು" ಎಂದ.

ಮತ್ತೊಬ್ಬನ ಹೆಸರು ಬಂತು. ಅವನು ತಿಂಗಳಿಂದ ಕುರಿ ಉಣ್ಣೆ ಕತ್ತರಿಸಲು ಬೇರೆ ಊರಲ್ಲಿದ್ದವನು, ಊರಲ್ಲಿ ಏನು ನಡೆಯಿತೆಂದು ಅವನಿಗೇನು ಗೊತ್ತು? ಆಗ ಶೂಹಾಮ ಗಂಟಲು ಸರಿಮಾಡಿಕೊಂಡ.

"ಕುಂಬಾರನನ್ನ ಕರೀರಿ."

ಹೆಂಗಸರ ಕಡೆಯಿಂದ ಕಿಸಕ್ಕನೆ ಸದ್ದು ಬಂತು. ಅತಾರಾ ಸೆರಗು ಬಾಯಿಗಿಟ್ಟುಕೊಂಡಳು.

"ನಗಬೇಡಿ" ಎಂದ ಶೂಹಾಮ. "ಏನನ್ನೂ ನೋಡದೇ ಇರೋನು 'ನೋಡಿಲ್ಲ' ಅಂದ್ರೆ ಅದಕ್ಕೇನು ತೂಕ? ಈ ಊರಲ್ಲಿ ಒಂದು ಇಲಿ ಬಿಲ ಬದಲಾಯಿಸಿದ್ರೂ ಇತ್ರಾನನಿಗೆ ಗೊತ್ತಿರುತ್ತೆ. ಅವನು 'ಕಾಣಲಿಲ್ಲ' ಅಂದ್ರೆ ಅದು ಊರು ಕಾಣಲಿಲ್ಲ ಅಂದ ಹಾಗೆ."

ಇತ್ರಾನನಿಗೆ ಹೊಗಳಿದರೋ ಹಂಗಿಸಿದರೋ ತಿಳಿಯಲಿಲ್ಲ. ನಾಲ್ವರು ಹಿರಿಯರು ಅವನ ತಲೆಯ ಮೇಲೆ ಕೈಯಿಟ್ಟರು, ಹೆಬ್ಬಾಗಿಲಲ್ಲಿ ತಾಹನಜ್ಜ ಕೂರುತ್ತಿದ್ದ ಕಲ್ಲಿನ ಮೇಲೆ ಕೂರಿಸಿದರು. ಕಲ್ಲು ಬಿಸಿಲಿಗೆ ಕಾದಿತ್ತು.

ಮನೆಗೆ ಬಂದು ರೊಟ್ಟಿ ಮುರಿಯುತ್ತಾ ಅವನು ಅತಾರಾಳನ್ನು ಕೇಳಿದ: "ನಮ್ಮ ಕಣ್ಣು ಕಾಣಲಿಲ್ಲ ಅಂತ ಹೇಳ್ಬೇಕಲ್ಲ, ಯಾರ ಕಣ್ಣು? ನನ್ನದಾ, ಐದು ಜನರದ್ದಾ, ಊರಿಂದೆಲ್ಲಾನಾ?"

"ಹೇಳು ಅಂದಿದ್ದನ್ನ ಹೇಳಿ ಬಾ. ಅದರಲ್ಲೂ ತೂತು ಹುಡುಕ್ತೀಯಲ್ಲ!"

"ಮೊನ್ನೆಯಿಂದ ನಾನು ಆವಿಗೆ ಬಿಟ್ಟು ಅಲ್ಲಾಡಿಲ್ಲ ಕಣೆ. ಇಲಿ ಬಿಲ ಬದಲಾಯಿಸಿದ್ರೂ ನನಗೆ ಗೊತ್ತಾಗ್ತಿರಲಿಲ್ಲ. ನೋಡಿದೀನೋ ಇಲ್ವೋ ಅಂತಲೇ ಗೊತ್ತಿಲ್ಲದೆ ಊರಿನ ಪರವಾಗಿ ಹೇಗೆ ಹೇಳಲಿ?"

ಬೆಳಗಾದ ಮೇಲೆ ಅವನು ನೇರ ಹೆಬ್ಬಾಗಿಲಿಗೆ ಹೋಗಿ ಕಂಬಳಿಯ ಗಂಟನ್ನು ಇಳಿಸಿ ಬಿಚ್ಚಿದ. ಹಿರಿಯನಾದವನಿಗೆ ಈಗ ಬೇಡ ಎನ್ನುವವರಿರಲಿಲ್ಲ. ಕೆಂಪು ಉಣ್ಣೆ ದಾರದಲ್ಲಿ ಹೊಲಿದ ಒಂದು ಚಪ್ಪಲಿ. ಒಂದು ಕವಣೆ. ಒಂದು ಹಿಡಿ ಕರಿಜೀರಿಗೆಯ ಪೊಟ್ಟಣ. ಅದರಡಿಯಲ್ಲಿ ಪುಟ್ಟ ಗಿಂಡಿಯೊಂದು, ಬಾಯಿ ಸೊಟ್ಟ.

ಇತ್ರಾನ ಗಿಂಡಿಯನ್ನು ತಿರುಗಿಸಿ ಹಿಡಿಯ ಬುಡ ನೋಡಿದ. ಹೆಬ್ಬೆರಳಿನ ಗುರುತು. ತನ್ನದೇ ಹೆಬ್ಬೆರಳು. ಬಾಯಿ ಸೊಟ್ಟಗಾದ ಗಿಂಡಿ ಯಾರಿಗೂ ಬೇಡವಾಗಿ, ಮಳೆಗಾಲದ ಕೊನೆಯಲ್ಲಿ ಅದನ್ನು ಊರಾಚೆ ಬಾವಿಯ ದಾರಿಯಲ್ಲಿ ಒಬ್ಬಳೇ ಇರುವ ನೇಯ್ಗೆಯ ಯೆರಿಯೋತಳಿಗೆ ಕೊಟ್ಟಿದ್ದ. ಅವಳ ಗಂಡ ಸತ್ತು ಆರು ವರ್ಷವಾಗಿತ್ತು.

ಅವಳು ಮಗ್ಗದ ಮುಂದೆ ಕೂತಿದ್ದಳು.

"ಯೆರಿಯೋತಕ್ಕಾ, ಈ ಗಿಂಡಿ ನಿನ್ನದಲ್ವಾ?"

"ನನ್ನದೇ" ಎಂದಳು ಅವಳು, ಮುಖ ಅರಳಿಸಿ. "ವಾಪಸ್ ಕಳಿಸಿದ್ನಾ? ನಾನು ಬೇಡ, ಇಟ್ಕೋ ಅಂದಿದ್ದೆ. ಪರವಾಗಿಲ್ಲ, ಒಳ್ಳೆ ಮನುಷ್ಯ."

ಇತ್ರಾನನಿಗೆ ಕೇಳಬೇಕಾದ ಪ್ರಶ್ನೆಯೇ ತಕ್ಷಣ ಹೊಳೆಯಲಿಲ್ಲ. ಸುಮ್ಮನೆ ಹೊಸ್ತಿಲ ಮೇಲೆ ಕೂತ. ಆ ಸುಮ್ಮನಿರುವಿಕೆಯನ್ನು ನೋಡಿಯೇ ಯೆರಿಯೋತಳ ಕೈಯಲ್ಲಿದ್ದ ಲಾಳಿ ನಿಂತಿತು.

"ಬಯಲಲ್ಲಿ ಸಿಕ್ಕೋನು... ಅವನಾ?"

"ನಿನಗೆ ಗೊತ್ತಿರಲಿಲ್ವಾ?"

"ಹೇಗೆ ಗೊತ್ತಿರುತ್ತೆ? ಅವನು ಶೂಹಾಮರ ಮನೇಲಿ ಉಳಿದ್ಕೊಂಡು, ಉಂಡು, ಬೆಳಿಗ್ಗೆ ದಾರಿ ಹಿಡಿದಿರ್ತಾನೆ ಅಂದ್ಕೊಂಡಿದ್ದೆ. ಸತ್ತೋನು ಇನ್ಯಾರೋ ಅಂತ." ಅವಳು ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದಳು. "ನಡುಹಗಲು ದಾಟಿತ್ತು. ನೀರು ಕೇಳ್ದ. ನೀರು ಕೊಟ್ಟೆ, ಎರಡು ರೊಟ್ಟಿ, ಅಂಜೂರ ಕೊಟ್ಟೆ. ಇವತ್ತೊಂದು ರಾತ್ರಿ ತಂಗೋಕೆ ಜಾಗ ಇದೆಯಾ ಅಂದ. ನಾನೊಬ್ಬಳೇ ಇರೋಳು, ಜನ ಏನಂತಾರೆ? ಮುಖ್ಯಸ್ಥರ ಮನೇಲಿ ಔತಣ ಇದೆ, ಮಾಳಿಗೆ ದೊಡ್ಡದಿದೆ, ಅಲ್ಲಿಗೆ ಹೋಗಣ್ಣ ಅಂತ ನಾನೇ ಕಳಿಸ್ದೆ."

"ಹೆಸರು ಕೇಳಿದ್ಯಾ?"

"ಮನೆ ಬಾಗಿಲಲ್ಲಿ ರೊಟ್ಟಿ ತಿನ್ನೋನ ಹೆಸರು ಕೇಳದೆ ಇರ್ತಾರಾ? ಮಿಬ್ಸಾಮ್ ಅಂತ. ಯೊರ್ದನ್ ಹೊಳೆಯಾಚೆಯವನು. ಎಲೋನ್‌ಮಾಯಿಮ್ ಊರಿಗೆ ಕೊಟ್ಟ ಮಗಳು ಇದಾಳಂತೆ, ಹೆಲಾ. ಮದುವೆಯಾಗಿ ಹೋದ ಮೇಲೆ ಮೂರು ವರ್ಷ ಮುಖ ನೋಡಿಲ್ಲ, ಚೊಚ್ಚಲು ಹೆತ್ತಿದಾಳೆ ಅಂತ ಸುದ್ದಿ ಬಂತು, ಬಾಣಂತಿಗೆ ಅಂತ ಕರಿಜೀರಿಗೆ ತಗೊಂಡು ಹೊರಟಿದೀನಿ ಅಂದ."

"ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಬಾವಿ ಕಡೆಗೆ ಯಾರು ಬಂದು ಕೇಳಿದ್ರು?" ಎಂದಳು ಯೆರಿಯೋತ್. ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದು ಇತ್ರಾನನಿಗೆ ಇನ್ನೂ ಕಷ್ಟವಾಯಿತು.

ಶೂಹಾಮ ತನ್ನ ದ್ರಾಕ್ಷಿ ತುಳಿಯುವ ತೊಟ್ಟಿಯನ್ನು ತೊಳೆಸುತ್ತಿದ್ದ. ಆಳುಗಳೆಲ್ಲ ನೀರು ತರಲು ಹೋಗುವವರೆಗೆ ಇತ್ರಾನ ಬೇಲಿಯ ಹತ್ತಿರ ನಿಂತಿದ್ದ. ಆಮೇಲೆ ಹತ್ತಿರ ಹೋಗಿ ಸುತ್ತು ಬಳಸದೆ ಕೇಳಿದ.

"ಔತಣದ ದಿನ ನಿಮ್ಮ ಬಾಗಿಲಿಗೆ ಒಬ್ಬ ದಾರಿಹೋಕ ಬಂದಿದ್ನಾ?"

ಶೂಹಾಮ ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಟ್ಟ. ಅರವತ್ತು ದಾಟಿದ ದೊಡ್ಡ ಮೈಯ ಮನುಷ್ಯ, ತೊಟ್ಟಿಯ ಅಂಚಿನ ಮೇಲೆ ಮೆಲ್ಲಗೆ ಕೂತ.

"ಬಂದಿದ್ದ."

"ಗುರುತು ಹಿಡಿದ್ರಾ, ಬಯಲಲ್ಲಿ?"

"ಚಪ್ಪಲಿಯ ಕೆಂಪು ದಾರ. ಹಗ್ಗ ಹಿಡಿಯೋಕೆ ಬಗ್ಗಿದಾಗ ಕಾಣ್ತು." ಅವನು ಹಣೆ ಒರೆಸಿಕೊಂಡ. "ಕೈಯಲ್ಲಿ ಮಾಂಸದ ಹರಿವಾಣ ಇತ್ತು ಕಣೋ. ಒಳಗೆ ಬೀಗರು, ಕುಣಿತ, ಮಗು ಅಳ್ತಿದೆ. ಮಾಳಿಗೆ ತುಂಬ ನೆಂಟರು. ಜಾಗ ಇಲ್ಲಪ್ಪಾ, ಕಮರಿಯ ಒಳದಾರಿ ಹಿಡಿ, ಹೊತ್ತು ಮುಳುಗೋದರೊಳಗೆ ಗಿಬತ್‌ಓರೇಬ್ ಸೇರ್ತೀಯ ಅಂದೆ. ಕೈ ಎತ್ತಿ ದಾರಿ ತೋರಿಸೋಕೂ ಆಗಲಿಲ್ಲ, ಗದ್ದದಲ್ಲಿ ತೋರಿಸ್ದೆ. ಆಯ್ತು ಅಂತ ಹೋದ. ಜೊತೆಗೆ ಒಬ್ಬನನ್ನ ಕಳಿಸಬೇಕು ಅಂತ ನನಗೆ ಹೊಳೀಲೇ ಇಲ್ಲ. ಮನೆ ತುಂಬ ಗಂಡಸರಿದ್ರು."

"ಹಾಗಾದ್ರೆ ನಾಳೆ ಏನು ಹೇಳ್ತೀರಿ?"

"ಕೊಂದಿದ್ದನ್ನ ನಾನು ನೋಡಿಲ್ವಲ್ಲ. ಅದನ್ನೇ ಹೇಳ್ಬೇಕಾಗಿರೋದು."

"ಅಷ್ಟಕ್ಕೇ ಸಾಕು ಅಂತ ನಿಮಗನ್ಸುತ್ತಾ? ನಿಜವಾಗ್ಲೂ ಕೇಳ್ತಿದೀನಿ, ನನಗೆ ಗೊತ್ತಿಲ್ಲ."

ಶೂಹಾಮ ಪೊರಕೆಯನ್ನು ಮತ್ತೆ ಎತ್ತಿಕೊಂಡ. "ನೀನೇ ಹೇಳಿಬಿಡು ಬೇಕಾದ್ರೆ. ಹೆಬ್ಬಾಗಿಲಲ್ಲಿ ನಿಂತು ಕೂಗು" ಎಂದ.

"ನಾನು ಹೇಳಿದ್ರೆ ಅದು ದೂರು. ನೀವು ಹೇಳಿದ್ರೆ ಸಾಕ್ಷಿ" ಎಂದ ಇತ್ರಾನ. ಹೊರಟವನು ತಡೆಯಲಾಗದೆ ತಿರುಗಿ ಕೇಳಿದ: "ಮತ್ತೆ ನನ್ನನ್ನೇ ಯಾಕೆ ಆರಿಸಿದ್ರಿ? ನಾನು ಕೆದಕ್ತೀನಿ ಅಂತ ಗೊತ್ತಿತ್ತಲ್ಲ."

"ಗೊತ್ತಿಲ್ಲ ಹೋಗೋ" ಎಂದ ಶೂಹಾಮ. ಆ ಮಾತು ನಿಜವೋ ಸುಳ್ಳೋ ಎಂದು ಇತ್ರಾನ ಮುಂದೆ ಎಷ್ಟೋ ವರ್ಷ ಯೋಚಿಸಿದ್ದುಂಟು.

ಮೂರನೆಯ ದಿನ ಊರೆಲ್ಲ ಕಣಿವೆಗೆ ಇಳಿಯಿತು. ಗಂಡಸರು ತೊರೆಯ ಅಂಚಿಗೆ, ಹೆಂಗಸರು ಮೇಲಿನ ಇಳಿಜಾರಿನ ಕಲ್ಲುಗಳ ಮೇಲೆ. ಗಿಬತ್‌ಓರೇಬಿನಿಂದಲೂ ನಾಲ್ಕಾರು ಜನ ಬಂದು ದೂರ ನಿಂತರು. ಲೇವಿಯ ಯಾಜಕರು ಮೂವರು. ಹಿರಿಯ ಯಾಜಕ ಯೆಕಮ್ಯಾ ಒಣಕಲು ಮುದುಕ, ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ. ಕಡಸು ಕೆಂಚು ಬಣ್ಣದ್ದು, ಹಗ್ಗ ಕಂಡರೆ ಬೆದರುತ್ತಿತ್ತು. ಅದರ ಕತ್ತು ಬಗ್ಗಿಸಿ ಮುರಿಯುವಾಗ ಇತ್ರಾನ ಮುಖ ತಿರುಗಿಸಲಿಲ್ಲ. ಮುಗಿಯುವವರೆಗೆ ನೋಡಿದ.

ಐವರೂ ನೀರಿಗಿಳಿದು ಕೈ ತೊಳೆದರು. ಶೂಹಾಮ ಮೊದಲು ಆಡಬೇಕು, ಉಳಿದವರು ಅವನ ಹಿಂದೆ ಹೇಳಬೇಕು. ಶೂಹಾಮ ಬಾಯಿ ತೆರೆದ, ಮುಚ್ಚಿದ. ಪಕ್ಕದಲ್ಲಿ ನಿಂತ ಹಿರಿಯ, ಮಾತು ಮರೆತನೇನೋ ಎಂದು ಮೆಲ್ಲಗೆ ನೆನಪಿಸಿದ.

"ಮರೆತಿಲ್ಲ" ಎಂದ ಶೂಹಾಮ, ಎಲ್ಲರಿಗೂ ಕೇಳುವಂತೆ. "ನನ್ನ ಕೈ ಇವನನ್ನ ಕೊಂದಿಲ್ಲ. ಆದರೆ ನನ್ನ ಕಣ್ಣು ಇವನನ್ನ ನೋಡಿದೆ. ನನ್ನ ಬಾಗಿಲಿಗೆ ಬಂದಿದ್ದ. ಜಾಗ ಇಲ್ಲ ಅಂತ ಕಳಿಸಿದೆ, ಒಬ್ಬನನ್ನೇ. ಕಣ್ಣು ಕಂಡಿಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ."

ಇಳಿಜಾರಿನ ಮೇಲೆ ಅವನ ಸೊಸೆ ಮುಖ ಮುಚ್ಚಿಕೊಂಡಳು. ಗಿಬತ್‌ಓರೇಬಿನವರು ಹತ್ತಿರ ಬಂದರು. ಯೆಕಮ್ಯಾ ಕೆಮ್ಮು ಇಳಿಯುವವರೆಗೆ ಕಾದು ಕೇಳಿದ:

"ಕೊಂದವನನ್ನ ನೋಡಿದ್ಯಾ?"

"ಇಲ್ಲ."

"ಯಾರಿರಬಹುದು ಅಂತ ಗೊತ್ತಾ?"

"ಇಲ್ಲ."

ಕಿರಿಯ ಯಾಜಕರಿಬ್ಬರು ಮುದುಕನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಒಬ್ಬ, ಇನ್ನೊಂದು ಕಡಸು ತರಿಸಬೇಕು ಎಂದನಂತೆ. ಇನ್ನೊಬ್ಬ, ಇವನನ್ನು ಊರಾಚೆ ಹಾಕಬೇಕು ಎಂದನಂತೆ. ಯೆಕಮ್ಯಾ ಇಬ್ಬರನ್ನೂ ಕೈಸನ್ನೆಯಿಂದ ಸುಮ್ಮನಾಗಿಸಿದ.

"ಐವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಎಲ್ಲಾ ಊರಲ್ಲೂ ಐದಕ್ಕೆ ಐದೂ ಜನ ಗಡಗಡ ಅಂತ ಹೇಳಿ ಮುಗಿಸ್ತಾರೆ" ಎಂದ. "ನಾಲ್ಕು ಜನ ಹೇಳಲಿ. ನೀನು ಅವರ ಪಕ್ಕದಲ್ಲೇ ನಿಂತಿರು. ಹೇಳಬೇಡ, ಹೋಗಲೂ ಬೇಡ." ಮತ್ತೆ ಕೆಮ್ಮಿದ. "ಈಗ ನನಗೆ ಇನ್ನೊಂದು ತಿಳೀಬೇಕು. ಬಂದಿದ್ದ ಅಂತೀಯ, ನೋಡಿದೆ ಅಂತೀಯ. ಅವನ ಹೆಸರೇನು?"

ಶೂಹಾಮ ತಲೆ ತಗ್ಗಿಸಿದ. "ಕೇಳ್ಲಿಲ್ಲ."

ಇತ್ರಾನನ ನಾಲಿಗೆಯ ತುದಿಯಲ್ಲೇ ಹೆಸರಿತ್ತು. ಜೀವಮಾನವಿಡೀ ಗೊತ್ತಿದ್ದದ್ದನ್ನು ಹೇಳದೆ ಬಿಟ್ಟವನಲ್ಲ. ಆದರೆ ಆ ಹೆಸರನ್ನು ಅವನು ಮಿಬ್ಸಾಮನ ಬಾಯಿಂದ ಕೇಳಿರಲಿಲ್ಲ.

"ಯಾಜಕರೇ, ನನಗೆ ಗೊತ್ತಿರೋದು ಬಾಯಿಂದ ಬಾಯಿಗೆ ಬಂದದ್ದು" ಎಂದ. "ಅವನ ಬಾಯಿಂದಲೇ ಕೇಳಿದೋಳು ಅಲ್ಲಿದಾಳೆ. ಅವನಿಗೆ ರೊಟ್ಟಿ ಕೊಟ್ಟೋಳೂ ಅವಳೇ."

ಗಂಡಸರಲ್ಲಿ ಗುಜುಗುಜು ಎದ್ದಿತು. ಹೆಂಗಸು ಇಲ್ಲಿ ಮಾತಾಡುವುದೇ? ಯೆಕಮ್ಯಾ ಅವರತ್ತ ನೋಡಲೂ ಇಲ್ಲ. ಇಳಿಜಾರಿನ ಕಡೆಗೆ ಕೈಯನ್ನು ಹಣೆಗೆ ಅಡ್ಡ ಹಿಡಿದು, "ಹೇಳಮ್ಮಾ" ಎಂದ.

ಯೆರಿಯೋತ್ ಎದ್ದು ನಿಂತಳು. ಮೊದಲ ಸಲ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಕಣಿವೆಯೆಲ್ಲ ಕೇಳಿಸಿತು. "ಮಿಬ್ಸಾಮ್! ಯೊರ್ದನಿನ ಆಚೆಯವನು. ಮಗಳ ಮನೆಗೆ ಹೋಗ್ತಿದ್ದ."

ಉಳಿದ ನಾಲ್ವರು ಹಿರಿಯರು, ಅವರಲ್ಲಿ ಕೊನೆಯವನಾಗಿ ಕುಂಬಾರ, ಆ ಹೆಸರನ್ನು ಸೇರಿಸಿ ಮಾತು ಮುಗಿಸಿದರು. ಮಿಬ್ಸಾಮನ ರಕ್ತವನ್ನು ನಿನ್ನ ಜನರ ತಲೆಯ ಮೇಲೆ ಉಳಿಸಬೇಡ ಎಂದು ದೇವರನ್ನು ಬೇಡಿಕೊಂಡರು. ಶೂಹಾಮ ಒದ್ದೆ ಕೈಗಳನ್ನು ಮುಂದೆ ಹಿಡಿದು ನಿಂತೇ ಇದ್ದ. ಅವು ಒಣಗುವವರೆಗೂ ಒರೆಸಿಕೊಳ್ಳಲಿಲ್ಲ.

ಎಲೋನ್‌ಮಾಯಿಮಿಗೆ ಸುದ್ದಿ ಮುಟ್ಟಿಸಬೇಕಿತ್ತು. ಊರು ಯಾರನ್ನೂ ಆರಿಸುವ ಮೊದಲೇ ಶೂಹಾಮ, ನಾನು ಹೋಗ್ತೀನಿ ಎಂದ. ಅವನೊಬ್ಬನೇ ಹೋದರೆ ಅಲ್ಲಿ ಏನು ಹೇಳುತ್ತಾನೋ ಎಂಬ ಅನುಮಾನಕ್ಕಲ್ಲ, ಒಬ್ಬನೇ ಹೋಗಬಾರದೆಂದು ಇತ್ರಾನ ಜೊತೆಗೆ ಹೊರಟ. ಮಗಳಿಗೆ ಹೆಂಗಸರ ಹತ್ತಿರ ಕೇಳುವುದಿರುತ್ತದೆ ಎಂದು ಯೆರಿಯೋತಳೂ ಹೊರಟಳು. ಎರಡು ದಿನದ ದಾರಿ.

ಹೆಲಾ ಇಪ್ಪತ್ತು ದಾಟದ ಹುಡುಗಿ, ಕಂಕುಳಲ್ಲಿ ಕೂಸು. ಕಂಬಳಿಯ ಗಂಟನ್ನು ಕಂಡ ಕೂಡಲೇ ಅವಳಿಗೆ ತಿಳಿದುಹೋಯಿತು, ಆ ಕಂಬಳಿಯನ್ನು ನೇಯ್ದದ್ದು ಅವಳ ತಾಯಿ. ಅವಳು ಅತ್ತು ಮುಗಿಸುವವರೆಗೆ ಮೂವರೂ ಅಂಗಳದಲ್ಲಿ ನಿಂತಿದ್ದರು. ಆಮೇಲೆ ಶೂಹಾಮ ನಡೆದದ್ದನ್ನು ನಡೆದ ಹಾಗೆ ಹೇಳಿದ. ಹರಿವಾಣ ಹಿಡಿದಿದ್ದನ್ನೂ, ಗದ್ದದಲ್ಲಿ ದಾರಿ ತೋರಿಸಿದ್ದನ್ನೂ ಬಿಡಲಿಲ್ಲ. ಹೆಲಾಳ ಗಂಡ ಒಂದು ಹೆಜ್ಜೆ ಮುಂದೆ ಬಂದ. ಅವಳು ಕೂಸನ್ನು ಅವನ ಕೈಗೆ ಕೊಟ್ಟು ತಡೆದಳು.

"ಅಪ್ಪನ ಮಂಡಿ ಹೇಗಿತ್ತು?" ಎಂದು ಕೇಳಿದಳು. "ಎಡಗಾಲು ಮಡಚೋಕೆ ಆಗ್ತಿರಲಿಲ್ಲ."

ಇತ್ರಾನನಿಗೆ ಗೊತ್ತಿರಲಿಲ್ಲ. ಶೂಹಾಮನಿಗೂ ಗೊತ್ತಿರಲಿಲ್ಲ.

"ಕಾಲು ನೀಡಿಕೊಂಡೇ ಕೂತಿದ್ದರು" ಎಂದಳು ಯೆರಿಯೋತ್. "ಎದ್ದು ನಿಲ್ಲುವಾಗ ನನ್ನ ಮಗ್ಗದ ಕಂಬ ಹಿಡ್ಕೊಂಡ್ರು. ಮಗು ಗಂಡೋ ಹೆಣ್ಣೋ ಅಂತ ಗೊತ್ತಿಲ್ಲ, ಸುದ್ದಿ ತಂದೋನು ಅದನ್ನೇ ಕೇಳ್ಕೊಂಡು ಬಂದಿಲ್ಲ, ಎಂಥಾ ದಡ್ಡ ಅಂತ ನಗ್ತಿದ್ರು."

"ಹೆಣ್ಣು" ಎಂದಳು ಹೆಲಾ, ಅಪ್ಪನೇ ಎದುರಿಗಿದ್ದಾನೆ ಎಂಬಂತೆ. ಆಮೇಲೆ ಶೂಹಾಮನನ್ನು ನೇರವಾಗಿ ನೋಡಿದಳು. "ನೀವು ಬಂದು ಹೇಳದಿದ್ರೆ, ಮಗಳು ಹೆತ್ತರೂ ಅಪ್ಪ ಬರಲಿಲ್ಲ ಅಂತ ಸಾಯೋವರೆಗೆ ಅಂದ್ಕೊಂಡಿರ್ತಿದ್ದೆ."

ಅವಳು ಕ್ಷಮಿಸಿದೆ ಎನ್ನಲಿಲ್ಲ. ಶೂಹಾಮ ಕೇಳಲೂ ಇಲ್ಲ. ಮೂವರಿಗೂ ಕಾಲಿಗೆ ನೀರು ಕೊಟ್ಟಳು, ಬೇಳೆಯ ಗಂಜಿ ಬಡಿಸಿದಳು, ಮಾಳಿಗೆಯಲ್ಲಿ ಚಾಪೆ ಹಾಸಿಸಿದಳು. ಮಾರನೆಯ ಬೆಳಿಗ್ಗೆ ಅವಳ ಗಂಡ ಕೋಲು ಹಿಡಿದು ಅವರ ಮುಂದೆ ನಡೆದು, ಊರ ಗಡಿಯ ಓಕ್ ಮರಗಳನ್ನು ದಾಟಿಸಿ ಹಿಂದಿರುಗಿದ.

ಮಿಬ್ಸಾಮನನ್ನು ಕೊಂದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಶೂಹಾಮ ಆ ಚಳಿಗಾಲ ಮುಖ್ಯಸ್ಥನ ಕಲ್ಲು ಬಿಟ್ಟುಕೊಟ್ಟ. ಬಿಡಬೇಡಿ ಎಂದವರಲ್ಲಿ ಇತ್ರಾನ ಎಲ್ಲರಿಗಿಂತ ಮುಂದೆ ಇದ್ದ, ಆದರೆ ಶೂಹಾಮ ಕೇಳಲಿಲ್ಲ. ನಡುಹಗಲು ದಾಟಿದ ಮೇಲೆ ಯಾವ ದಾರಿಹೋಕ ಕಮರಿಯ ಕಡೆ ಹೊರಟರೂ ಕೋಲು ಹಿಡಿದು ಜೊತೆಗೆ ಹೋಗುವ ಕೆಲಸವನ್ನು ತನ್ನ ಮೇಲೆ ಹಾಕಿಕೊಂಡ. ನಡೆಯುತ್ತಾ ನಡೆಯುತ್ತಾ ಅವರ ಹೆಸರು, ಊರು, ಯಾರ ಮನೆಗೆ ಹೊರಟಿದ್ದೀರಿ ಎಂಬುದನ್ನೆಲ್ಲ ವಿಚಾರಿಸುತ್ತಿದ್ದ. ಸಂಜೆ ಹಿಂದಿರುಗಿ ಬಂದು ಅದನ್ನು ಹೆಬ್ಬಾಗಿಲಲ್ಲಿ ಕೂತ ಹಿರಿಯರಿಗೆ ಒಪ್ಪಿಸಿ ಮನೆಗೆ ಹೋಗುತ್ತಿದ್ದ.